ಮಣ್ಣಿಲ್ಲದ ಬೇಸಾಯದ ಚರಿತ್ರೆ

ಮಂಗಳಗಿರಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. 1515ರಲ್ಲಿ ಕೃಷ್ಣದೇವರಾಯನ ಸೇನೆ ಕೊಂಡವೀಡಿನ ಕೋಟೆಯನ್ನು ಗೆದ್ದುಕೊಂಡ ಸಂಗತಿಯನ್ನು ಹೇಳುವ ಶಿಲಾಶಾಸನ ಈ ಊರಿನಲ್ಲಿದೆ. ವಿಜಯವಾಡದಲ್ಲಿ ಕೆಲಸಕ್ಕಿರುವ ನಮ್ಮವರಲ್ಲಿ ಅನೇಕರು ಶನಿವಾರ ಭಾನುವಾರಗಳಲ್ಲಿ ಇಲ್ಲಿಯ ಬೆಟ್ಟವನ್ನು ಹತ್ತಿ ಪಾನಕಾಲ ನರಸಿಂಹಸ್ವಾಮಿಯ ದರ್ಶನ ಮಾಡಿ ಬಂದವರೇ. ಆ ಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಕೊಟ್ಟದ್ದರಲ್ಲಿ ಅರ್ಧವನ್ನು ಸ್ವೀಕರಿಸಿ ಉಳಿದರ್ಧವನ್ನು ಭಕ್ತನಿಗೆ ಹಿಂತಿರುಗಿಸುತ್ತಾನೆಂಬುದು ಇಲ್ಲಿಯವರ ನಂಬಿಕೆ. ಆಹಾರವನ್ನು ನೀರಿನಲ್ಲಿ ಕರಗಿಸಿ ಕೊಡುವುದು, ಬೇಕಾದಷ್ಟನ್ನು ಕುಡಿದ ಮೇಲೆ ಮಿಕ್ಕದ್ದನ್ನು ಹಿಂದಕ್ಕೆ ಪಡೆಯುವುದು ಎಂಬ ಕ್ರಮದಲ್ಲಿ ನಡೆಯುವ ಬೇಸಾಯವೊಂದರ ವಿಷಯವಾಗಿ ನಾಲ್ಕು ಮಾತು ಬರೆಯಹೊರಟ ನನಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಕ್ಕಲಾರದು. ಆ ಬೇಸಾಯವನ್ನು ಹೈಡ್ರೋಪೋನಿಕ್ಸ್ ಎಂದು ಕರೆಯುತ್ತಾರೆ. ಮಣ್ಣಿಲ್ಲದ ಬೇಸಾಯ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಬ್ಯಾಂಕಿನ ಗುಮಾಸ್ತನಿಗೆ ಬೇಸಾಯದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಸಾಲದ ಅರ್ಜಿಯ ಜೊತೆಗೆ ಬರುವ ಯೋಜನಾವರದಿಗಳನ್ನು ಓದುವುದು ನಮ್ಮ ಉದ್ಯೋಗದ ಒಂದು ಭಾಗ. ಇತ್ತೀಚಿನ ವರ್ಷಗಳಲ್ಲಿ ಇಂಥ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತಿದೆ: ಬಯಲಿನ ಬೇಸಾಯಕ್ಕಿಂತ ಹತ್ತು ಪಟ್ಟು ಇಳುವರಿ, ಹತ್ತರಲ್ಲಿ ಒಂದು ಪಾಲು ನೀರು. ವಾಕ್ಯ ಚಿಕ್ಕದು, ಆಸೆ ದೊಡ್ಡದು. ಅದನ್ನು ನಂಬಿ ತಂದೆಯ ಕಾಲದ ಹೊಲವನ್ನು ಅಡವಿಡಲು ಸಿದ್ಧರಾಗಿ ಬರುವ ಯುವಕರಿದ್ದಾರೆ. ಆದ್ದರಿಂದ ಈ ಹತ್ತು ಪಟ್ಟು ಎಲ್ಲಿ ಹುಟ್ಟಿತು, ಯಾವ ಊರಿನಲ್ಲಿ ನಿಜವಾಯಿತು ಎಂದು ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ವ್ಯರ್ಥವಾಗಲಾರದೆಂದು ಭಾವಿಸಿದ್ದೇನೆ.

ಗಿಡವು ಏನನ್ನು ತಿಂದು ಬೆಳೆಯುತ್ತದೆ ಎಂಬ ಪ್ರಶ್ನೆಯೇ ಈ ವಿದ್ಯೆಯ ಮೂಲ. ಬ್ರಸೆಲ್ಸ್ ನಗರದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಒಣಗಿಸಿದ 200 ಪೌಂಡು ಮಣ್ಣನ್ನು ತೂಗಿ ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಹೊಯ್ದನು. ಕೊನೆಗೆ ಮರ 169 ಪೌಂಡಿಗೂ ಮೀರಿ ತೂಗಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸು ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ವಿಚಾರ ಅಚ್ಚಾಯಿತು. ಗಾಳಿಯಿಂದ ಗಿಡಕ್ಕೆ ಸಲ್ಲುವ ಅಂಗಾರದ ಸುದ್ದಿ ಆಗ ಯಾರಿಗೂ ಗೊತ್ತಿರಲಿಲ್ಲ. ಜಮಾಖರ್ಚಿನ ಒಂದು ಬಾಬತ್ತೇ ಪುಸ್ತಕದಲ್ಲಿ ಇಲ್ಲದಿದ್ದರೆ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದ್ದರೂ ಉತ್ತರ ತಪ್ಪುವುದು ಸಹಜ. ಆ ಎರಡು ಔನ್ಸನ್ನು ಅವನು ಅಲಕ್ಷ್ಯ ಮಾಡಿದನು. ಮುಂದಿನ ಕಥೆಯೆಲ್ಲ ಇರುವುದು ಆ ಎರಡು ಔನ್ಸಿನಲ್ಲಿಯೇ!

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನಾ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿ ಬೆಳೆಸಿ ತೂಗಿದನು. ಮಳೆಯ ನೀರಿಗಿಂತ ಥೇಮ್ಸ್ ನದಿಯ ನೀರಿನಲ್ಲಿಯೂ, ಅದಕ್ಕಿಂತ ತೋಟದ ಮಣ್ಣು ಕದಡಿದ ನೀರಿನಲ್ಲಿಯೂ ಗಿಡ ಹೆಚ್ಚು ಬೆಳೆಯಿತು. ಹಾಗಾದರೆ ನೀರಿನೊಳಗೆ ಕರಗಿದ ಯಾವುದೋ ವಸ್ತು ಗಿಡಕ್ಕೆ ಬೇಕು. 1860ರ ಹೊತ್ತಿಗೆ ಜರ್ಮನಿಯಲ್ಲಿ ಸಾಕ್ಸ್ ಮತ್ತು ಕ್ನೊಪ್ ಎಂಬ ವಿದ್ವಾಂಸರು ಆ ವಸ್ತುಗಳನ್ನು ಒಂದೊಂದಾಗಿ ಗುರುತಿಸಿ, ಲವಣಗಳನ್ನು ಅಳೆದು ನೀರಿಗೆ ಬೆರೆಸಿ, ಮಣ್ಣಿನ ಸೋಂಕೇ ಇಲ್ಲದೆ ಗಿಡವನ್ನು ಬೆಳೆಸಿ ತೋರಿಸಿದರು. ಆದರೂ ಮುಂದೆ ಸುಮಾರು ಎಪ್ಪತ್ತು ವರ್ಷ ಇದು ಪ್ರಯೋಗಶಾಲೆಯ ಗಾಜಿನ ಭರಣಿಯಿಂದ ಹೊರಕ್ಕೆ ಬರಲಿಲ್ಲ.

ಹೊರಕ್ಕೆ ತಂದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕ್. 1929ರಲ್ಲಿ ಅವನು ಇದನ್ನು ವ್ಯಾಪಾರದ ಬೇಸಾಯವನ್ನಾಗಿ ಮಾಡಬಹುದೆಂದು ಬರೆದನು. ಬರ್ಕ್ಲಿಯಲ್ಲಿ ತೊಟ್ಟಿಯ ನೀರಿನಲ್ಲಿ ಬೇರುಬಿಟ್ಟು 25 ಅಡಿ ಎತ್ತರಕ್ಕೆ ಹಬ್ಬಿದ ಅವನ ಟೊಮೇಟೊ ಬಳ್ಳಿಗಳು ಪತ್ರಿಕೆಗಳಿಗೆ ಹಬ್ಬವನ್ನೇ ಒದಗಿಸಿದುವು. ಗ್ರೀಕ್ ಭಾಷೆಯಲ್ಲಿ ನೀರು ಮತ್ತು ದುಡಿಮೆ ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದವನೂ ಅವನೇ. ಹೊಲ ಹಳೆಯದಾಯಿತು, ಇನ್ನು ತೊಟ್ಟಿಯೇ ಸಾಕು ಎಂಬ ಮಾತು ಹರಡಿತು. ಯಾವ ಹೊಸ ವಿದ್ಯೆಯ ಹಿಂದೆಯೂ ನಡೆದುಬರುವ ಸಾಮಾನು ಮಾರುವವರು ಇಲ್ಲಿಯೂ ಬಂದರು.

ಆಗ ಅದೇ ವಿಶ್ವವಿದ್ಯಾಲಯದ ಹೋಗ್‌ಲ್ಯಾಂಡ್ ಮತ್ತು ಆರ್ನಾನ್ ಎಂಬ ಇಬ್ಬರು ಈ ವಿಷಯವನ್ನು ತಣ್ಣಗೆ ಪರೀಕ್ಷಿಸಿ 1938ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬಳಕೆಯಾಗುವ ಪೋಷಕ ದ್ರಾವಣಕ್ಕೆ ಹೋಗ್‌ಲ್ಯಾಂಡನ ಹೆಸರೇ ಇದೆ. ಆದುದರಿಂದ ಅವರು ಈ ವಿದ್ಯೆಯ ಶತ್ರುಗಳೆಂದು ಯಾರೂ ಹೇಳುವಂತಿಲ್ಲ. ಅವರ ತೀರ್ಮಾನವೇನು? ಬೆಳಕು, ಬಿಸಿಲು, ಗಿಡಗಿಡದ ಅಂತರ, ಆರೈಕೆ ಎಲ್ಲವೂ ಸಮನಾಗಿದ್ದರೆ, ಒಳ್ಳೆಯ ಮಣ್ಣಿನ ಇಳುವರಿಗೂ ನೀರಿನ ಇಳುವರಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ವಾಕ್ಯವಿಲ್ಲ. ಯೋಜನಾವರದಿಗಳಲ್ಲಿ ಇದಕ್ಕಿಂತ ಅಪರೂಪದ ವಾಕ್ಯವೂ ಇಲ್ಲ. ಒಳ್ಳೆಯ ಮಣ್ಣು ಇದ್ದಲ್ಲಿ ಎಂಬ ಷರತ್ತನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು.

ಏಕೆಂದರೆ ಮಣ್ಣಿಲ್ಲದ ಬೇಸಾಯ ಮೊದಲು ಗೆದ್ದದ್ದು ಮಣ್ಣೇ ಇಲ್ಲದ ಸ್ಥಳಗಳಲ್ಲಿ. ಪೆಸಿಫಿಕ್ ಸಾಗರದ ನಡುವೆ ವೇಕ್ ಎಂಬ ಹವಳದ ದ್ವೀಪವಿದೆ. 1930ರ ದಶಕದಲ್ಲಿ ಪ್ಯಾನ್ ಅಮೆರಿಕನ್ ಕಂಪೆನಿಯ ವಿಮಾನಗಳು ಅಲ್ಲಿ ತಂಗುತ್ತಿದ್ದುವು. ತರಕಾರಿಯನ್ನು ಸಾವಿರಾರು ಮೈಲಿ ಸಾಗಿಸುವುದಕ್ಕಿಂತ ತೊಟ್ಟಿಯಲ್ಲಿ ಬೆಳೆಯುವುದೇ ಅಗ್ಗವೆಂದು ಕಂಪೆನಿಗೆ ತೋರಿತು. ಅಟ್ಲಾಂಟಿಕಿನ ಅಸೆನ್ಷನ್ ದ್ವೀಪ ಬರಿಯ ಜ್ವಾಲಾಮುಖಿಯ ಬೂದಿಬಂಡೆ. 1945ರಲ್ಲಿ ಅಮೆರಿಕದ ಸೇನೆ ಅಲ್ಲಿಯೂ ಇದನ್ನೇ ಮಾಡಿತು. ಯುದ್ಧ ಮುಗಿದ ಮೇಲೆ ಜಪಾನಿನ ಟೋಕಿಯೋ ಬಳಿಯ ಚೋಫು ಎಂಬಲ್ಲಿ ಅದೇ ಸೇನೆ ಸುಮಾರು 55 ಎಕರೆಯ ತೋಟವನ್ನು ಕಟ್ಟಿತು. ಜಪಾನಿನಲ್ಲಿ ಫಲವತ್ತಾದ ಮಣ್ಣಿಗೆ ಕೊರತೆಯಿರಲಿಲ್ಲ. ಆದರೆ ಅಲ್ಲಿಯ ರೈತರು ಮಲವನ್ನು ಗೊಬ್ಬರವಾಗಿ ಬಳಸುತ್ತಿದ್ದುದರಿಂದ ಹಸಿಯಾಗಿ ತಿನ್ನುವ ಸೊಪ್ಪಿನ ಮೂಲಕ ಸೈನಿಕರಿಗೆ ರೋಗ ತಗಲುವ ಭಯವಿತ್ತು. ವೇಕ್‌ನಲ್ಲಿ ಇಲ್ಲದ್ದು ಮಣ್ಣು, ಚೋಫುವಿನಲ್ಲಿ ಇಲ್ಲದ್ದು ಶುಚಿಯಾದ ಮಣ್ಣು. ಎರಡು ಕಡೆಯೂ ಖರ್ಚನ್ನು ಕೇಳುವವರಿರಲಿಲ್ಲ. ಒಂದು ಕಡೆ ವಿಮಾನ ಕಂಪೆನಿ, ಇನ್ನೊಂದು ಕಡೆ ಸೇನೆ.

ಖರ್ಚನ್ನು ಕೇಳಿದ ಮೊದಲಿಗರಲ್ಲಿ ಒಬ್ಬನು ಕೆಲಸ ಮಾಡಿದ್ದು ನಮ್ಮ ದೇಶದಲ್ಲಿ ಎಂಬುದು ಹೆಮ್ಮೆಯ ಸಂಗತಿ. ಬಂಗಾಳದ 1943ರ ಕ್ಷಾಮದ ನೋವು ಇನ್ನೂ ಆರಿರಲಿಲ್ಲ. 1946ರಲ್ಲಿ ಡಾರ್ಜಿಲಿಂಗ್ ಸೀಮೆಯ ಕಾಲಿಂಪಾಂಗಿನಲ್ಲಿ ಶೋಲ್ಟೋ ಡಗ್ಲಾಸ್ ಎಂಬ ಆಂಗ್ಲೇಯನು ಪ್ರಯೋಗ ಪ್ರಾರಂಭಿಸಿದನು. ಪಂಪು, ಕೊಳವೆ, ಗಾಜಿನ ಮನೆಗಳ ಆಡಂಬರವನ್ನು ಅವನು ಬದಿಗಿಟ್ಟನು. ಅಗ್ಗದ ತೊಟ್ಟಿ, ಅದರಲ್ಲಿ ಕಲ್ಲಿನ ಚೂರು ಮತ್ತು ಕಲ್ಲಿನ ಪುಡಿ. ಲವಣಗಳ ಒಣ ಮಿಶ್ರಣವನ್ನು ಕೈಯಿಂದಲೇ ಮೇಲೆ ಉದುರಿಸಿ ನೀರು ಚಿಮುಕಿಸುವುದು. ಮನೆಯ ಹಿತ್ತಿಲಿನಲ್ಲಿ, ಮಾಳಿಗೆಯ ಮೇಲೆ, ಬಡವನೂ ನಡೆಸಬಹುದಾದ ಕ್ರಮವಿದು. 1951ರಲ್ಲಿ ಅವನು ಪ್ರಕಟಿಸಿದ ಗ್ರಂಥದಿಂದ ಇದಕ್ಕೆ ಬಂಗಾಳ ಪದ್ಧತಿ ಎಂಬ ಹೆಸರೇ ನಿಂತಿತು. ಇಂದು ಹೈಡ್ರೋಪೋನಿಕ್ಸ್ ಹೆಸರಿನಲ್ಲಿ ಬರುವ ವರದಿಗಳಲ್ಲಿ ಇಸ್ರೇಲ್ ಮತ್ತು ಹಾಲೆಂಡುಗಳ ಹೆಸರು ಕಾಣುತ್ತದೆಯೇ ಹೊರತು ಕಾಲಿಂಪಾಂಗಿನ ಹೆಸರು ಕಾಣುವುದಿಲ್ಲ. ಮನೆಯ ಪಕ್ಕದ ಮದ್ದು ಮದ್ದಲ್ಲವೆಂಬುದು ನಮ್ಮ ಹಳೆಯ ಚಾಳಿ.

ಹಾಲೆಂಡಿನ ವಿಷಯ ಬೇರೆ. ಅಲ್ಲಿ ಗಾಜಿನ ಮನೆಗಳಲ್ಲಿ ಅದೇ ಮಣ್ಣಿನಲ್ಲಿ ವರ್ಷ ವರ್ಷ ಟೊಮೇಟೊ, ಸೌತೆಗಳನ್ನೇ ಬೆಳೆದು ಮಣ್ಣು ರೋಗದ ಬೀಡಾಯಿತು. ಪ್ರತಿ ಬೆಳೆಗೂ ಮಣ್ಣನ್ನು ಹಬೆಯಿಂದಲೋ ವಿಷವಾಯುವಿನಿಂದಲೋ ಶುದ್ಧಿಮಾಡುವ ಖರ್ಚು ಬೆಳೆಗಾರನ ಲಾಭವನ್ನು ನುಂಗಿತು. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಅಲನ್ ಕೂಪರ್ ಎಂಬುವನು ಇಳಿಜಾರಿನ ಕಾಲುವೆಯಲ್ಲಿ ದ್ರಾವಣವನ್ನು ತೆಳುವಾಗಿ ಹರಿಯಿಸಿ, ಮಿಕ್ಕದ್ದನ್ನು ಮತ್ತೆ ಮೇಲಕ್ಕೆತ್ತಿ ಹರಿಯಿಸುವ ವಿಧಾನವನ್ನು ರೂಪಿಸಿದನು. ಪ್ಲಾಸ್ಟಿಕ್ ಕೊಳವೆಯ ಸಾಲುಗಳಲ್ಲಿ ಸೊಪ್ಪು ಬೆಳೆದಿರುವ ಚಿತ್ರಗಳನ್ನು ನಾವು ನೋಡುವುದು ಈ ವಿಧಾನದಲ್ಲಿ.

ಇನ್ನು ನಮ್ಮ ಹತ್ತು ಪಟ್ಟಿನ ಲೆಕ್ಕಕ್ಕೆ ಬರೋಣ. 2015ರಲ್ಲಿ ಅಮೆರಿಕದ ಅರಿಜೋನಾದ ಕೆಲವು ಸಂಶೋಧಕರು ಲೆಟ್ಯೂಸ್ ಸೊಪ್ಪಿನ ಎರಡು ಬಗೆಯ ಬೇಸಾಯಗಳನ್ನು ಹೋಲಿಸಿ ಅಂದಾಜು ಮಾಡಿದರು. ಒಂದು ಚದರ ಮೀಟರಿಗೆ ವರ್ಷಕ್ಕೆ ಬಯಲಿನಲ್ಲಿ 3.9 ಕಿಲೋ, ಮಣ್ಣಿಲ್ಲದ ಬೇಸಾಯದಲ್ಲಿ 41 ಕಿಲೋ. ಒಂದು ಕಿಲೋ ಸೊಪ್ಪಿಗೆ ಬಯಲಿನಲ್ಲಿ 250 ಲೀಟರ್ ನೀರು. ಮಣ್ಣಿಲ್ಲದ ಬೇಸಾಯದಲ್ಲಿ 20 ಲೀಟರ್. ನೋಡಿ, ವರದಿಗಳ ಮಾತು ಸುಳ್ಳಲ್ಲ! ಆದರೆ ಅದೇ ಅಂದಾಜಿನಲ್ಲಿ ಮೂರನೆಯ ಬಾಬತ್ತೊಂದಿದೆ. ಕಿಲೋ ಒಂದಕ್ಕೆ ಬಯಲಿನಲ್ಲಿ ತಗಲುವ ಶಕ್ತಿ 1,100 ಕಿಲೋಜೂಲ್. ಮಣ್ಣಿಲ್ಲದ ಬೇಸಾಯದಲ್ಲಿ 90,000. ಅಂದರೆ 82 ಪಟ್ಟು. ಕರೆಂಟಿನ ಮಾತಿನಲ್ಲಿ ಹೇಳಿದರೆ 25 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ಒಂದು ಕಿಲೋ ಸೊಪ್ಪಿನ ಮೇಲೆ ಕರೆಂಟಿನದೇ 175 ರೂಪಾಯಿ ಕೂರುತ್ತದೆ. ಇದರಲ್ಲಿ ಬಹುಪಾಲು ಮನೆಯನ್ನು ತಂಪಾಗಿಯೂ ಬೆಚ್ಚಗೂ ಇಡುವ ಖರ್ಚು. ನಮ್ಮಲ್ಲಿ ಚಳಿಗಾಲದ ಕಾಟವಿಲ್ಲ, ನಿಜ. ಆದರೆ ಕೃಷ್ಣಾತೀರದ ಮೇ ತಿಂಗಳನ್ನು ಕಂಡವರಿಗೆ ತಂಪು ಮಾಡುವ ಖರ್ಚಿನ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಹತ್ತು ಪಟ್ಟಿನ ಇಳುವರಿಯಾದರೂ ನೀರಿನ ಮಹಿಮೆಯಷ್ಟೇ ಅಲ್ಲ. ಮನೆಯೊಳಗೆ ವರ್ಷದ ಹನ್ನೆರಡು ತಿಂಗಳೂ ಒತ್ತಾಗಿ ಒಂದರ ಹಿಂದೊಂದು ಬೆಳೆ ತೆಗೆಯುವುದರ ಫಲ. ಹೋಗ್‌ಲ್ಯಾಂಡ್ 1938ರಲ್ಲಿ ಹೇಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲ.

ಮಣ್ಣಿನ ಇನ್ನೊಂದು ಗುಣವನ್ನು ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುತ್ತೇನೆ, ವಾಚಕರು ಕ್ಷಮಿಸಬೇಕು. ಮಣ್ಣು ಉಳಿತಾಯ ಖಾತೆಯಿದ್ದಂತೆ. ರೈತ ಒಂದು ವಾರ ನೀರು ಕಟ್ಟದಿದ್ದರೂ, ಒಂದು ತಿಂಗಳು ಗೊಬ್ಬರ ಹಾಕದಿದ್ದರೂ, ಹಿಂದಿನ ಜಮೆಯಿಂದ ಗಿಡ ಬದುಕಿಕೊಳ್ಳುತ್ತದೆ. ಹರಿಯುವ ದ್ರಾವಣದ ಬೇಸಾಯದಲ್ಲಿ ಜಮೆಯೇ ಇಲ್ಲ. ಅಂದಿನ ಚೆಕ್ಕಿಗೆ ಅಂದೇ ಹಣ ಕಟ್ಟಬೇಕು. ಬೇಸಗೆಯ ಮಧ್ಯಾಹ್ನ ಕೆಲವು ಗಂಟೆ ಕರೆಂಟು ಹೋಗಿ ಪಂಪು ನಿಂತಿತೆಂದರೆ ಬೇರು ಒಣಗುತ್ತದೆ. ಒಂದು ಗಿಡದ ಬೇರಿಗೆ ಕೊಳೆರೋಗ ಬಂದರೆ ಅದೇ ನೀರು ಸಾಲಿನ ಎಲ್ಲ ಗಿಡಗಳಿಗೂ ರೋಗವನ್ನು ಹಂಚುತ್ತದೆ. ದ್ರಾವಣದ ಹುಳಿಯನ್ನೂ ಉಪ್ಪಿನಂಶವನ್ನೂ ದಿನವೂ ಅಳೆಯಬೇಕು. ಕ್ಯಾಲ್ಸಿಯಂ ಲವಣವನ್ನು ಫಾಸ್ಫೇಟು, ಸಲ್ಫೇಟುಗಳ ಜೊತೆ ಗಟ್ಟಿಯಾಗಿ ಬೆರೆಸಿದರೆ ತಳದಲ್ಲಿ ಸುಣ್ಣದಂತೆ ಕೂತುಬಿಡುತ್ತದೆ. ಅದಕ್ಕೆಂದೇ ಎರಡು ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿಡುವ ಪದ್ಧತಿ. ಇದೆಲ್ಲ ಕಲಿಯಬಾರದ ವಿದ್ಯೆಯೇನೂ ಅಲ್ಲ. ಆದರೆ ಕಲಿಯುವ ಕಾಲದಲ್ಲಿಯೂ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ.

ಹಾಗಾದರೆ ಲಾಭ ಯಾರಿಗೆ? ಒಂದೇ ನದಿಯನ್ನು ಹಿಡಿದು ಯೋಚಿಸೋಣ. ಕೃಷ್ಣೆ ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ಹಾದು ಇಲ್ಲಿಗೆ ಬರುತ್ತಾಳೆ. ವಿಜಯವಾಡದಲ್ಲಿ 1855ರಲ್ಲಿ ಮುಗಿದ ಅಣೆಕಟ್ಟು 1952ರಲ್ಲಿ ಒಡೆದುಹೋಗಿ, 1957ರಲ್ಲಿ ಪ್ರಕಾಶಂ ಬ್ಯಾರೇಜು ಎದ್ದಿತು. ಬಚಾವತ್ ನ್ಯಾಯಮಂಡಲಿ 1973ರಲ್ಲಿ ತೀರ್ಪು ಕೊಟ್ಟು 2,060 ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಇಲ್ಲಿಯ ಮುಖಜಭೂಮಿಯ ಪಾಲು ಅದರಲ್ಲಿ 181.20. ಬೇಸಗೆ ಬಂದರೆ ಎರಡು ರಾಜ್ಯಗಳ ಪತ್ರಿಕೆಗಳಲ್ಲಿಯೂ ಈ ಅಂಕಿಗಳ ಜಗಳ. ನಡುವೆ ಇಲ್ಲಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗನಿಗೆ ಯಾವ ಪತ್ರಿಕೆಯನ್ನು ಓದಿದರೂ ಸಂಕಟ! ನೀರನ್ನು ಹತ್ತನೆಯ ಒಂದಕ್ಕೆ ಇಳಿಸುವ ವಿದ್ಯೆಯಿದೆಯೆಂದರೆ ಜಗಳವೇ ತೀರೀತಲ್ಲ ಎಂದು ಯಾರಿಗಾದರೂ ಆಸೆಯಾಗುವುದು ಸಹಜ.

ಆದರೆ ನದಿಯನ್ನು ಕುಡಿಯುವುದು ಸೊಪ್ಪಲ್ಲ, ಬತ್ತ. ಎಕರೆಗೆ ನಾಲ್ಕಡಿ ನೀರೆಂದು ಹಿಡಿದರೆ ಒಂದು ಟಿ.ಎಂ.ಸಿ. ಸುಮಾರು 5,700 ಎಕರೆ ಬತ್ತಕ್ಕೆ ಸಾಕಾಗುತ್ತದೆ. ಬತ್ತವನ್ನೂ ಜೋಳವನ್ನೂ ತೊಗರಿಯನ್ನೂ ಕೊಳವೆಯಲ್ಲಿ ಬೆಳೆದು ಮಾರಿ ಬದುಕಿದವನು ಎಲ್ಲಿಯೂ ಇಲ್ಲ. ಆ ಧಾನ್ಯದ ಬೆಲೆ ಆ ಖರ್ಚನ್ನು ತಾಳುವುದಿಲ್ಲ. ಕಿಲೋ ಲೆಕ್ಕದಲ್ಲಿ ಉಳಿತಾಯ ದೊಡ್ಡದು, ನದಿಯ ಲೆಕ್ಕದಲ್ಲಿ ಚಿಕ್ಕದು.

ನದಿಯಿಲ್ಲದ ಊರಿನಲ್ಲಿ ಇದೇ ಲೆಕ್ಕ ತಿರುಗಿಬೀಳುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು ನೆನೆಯಿರಿ. ಟೊಮೇಟೊ, ಕೋಸು, ದಪ್ಪ ಮೆಣಸಿನಕಾಯಿಗಳ ಸೀಮೆ. ಸಾವಿರ ಅಡಿ ದಾಟಿದರೂ ನೀರು ಸಿಗದ ಬೋರ್‌ವೆಲ್ಲುಗಳ ಸೀಮೆಯೂ ಅದೇ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ತುಂಬುವಷ್ಟು ಅಲ್ಲಿಯ ಬಾಯಾರಿಕೆ. ಅಲ್ಲಿ ಒಂದು ಲೀಟರಿಗೂ ಬೆಲೆಯಿದೆ. ಅಲ್ಲಿಯ ಪಾಲಿಹೌಸುಗಳಲ್ಲಿ ಹಾಲೆಂಡಿನ ಹಳೆಯ ಕಥೆಯೂ ಮರುಕಳಿಸಿತು. ಅದೇ ಮಣ್ಣಿನಲ್ಲಿ ಮತ್ತೆ ಮತ್ತೆ ದಪ್ಪ ಮೆಣಸಿನಕಾಯಿ ಬೆಳೆದು ಬೇರಿಗೆ ಗಂಟು ಕಟ್ಟುವ ಜಂತುಹುಳು ಸೇರಿಕೊಂಡಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೆಂಗಿನ ನಾರು ತೆಗೆದಾಗ ಉಳಿಯುವ ಪುಡಿಯನ್ನು ಹದವಾಗಿ ಹುದುಗಿಸಿ, ಅದರಲ್ಲಿ ತರಕಾರಿ ಬೆಳೆಯುವ ಕ್ರಮವನ್ನೂ, ಅದಕ್ಕೆ ತಕ್ಕ ಪೋಷಕ ರಸವನ್ನೂ ಸಿದ್ಧಪಡಿಸಿದ್ದಾರೆ. ಇದು ನನಗೆ ಬಹಳ ಮೆಚ್ಚಿಕೆಯಾದ ಮಾರ್ಗ. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದರಿಂದ ಪಂಪು ಸ್ವಲ್ಪ ಹೊತ್ತು ನಿಂತರೂ ಗಿಡ ಸಾಯುವುದಿಲ್ಲ. ಹಿಂದೆ ತಿಪಟೂರಿನ ಕಡೆ ರಸ್ತೆಯ ಪಕ್ಕದಲ್ಲಿ ಗುಡ್ಡೆ ಬಿದ್ದಿರುತ್ತಿದ್ದ ವಸ್ತುವಿಗೆ ಈಗ ಬೆಲೆ ಬಂದಿದೆ. ಕಾಲಿಂಪಾಂಗಿನ ಕಲ್ಲಿನ ಪುಡಿಯ ಜಾಗದಲ್ಲಿ ತೆಂಗಿನ ಪುಡಿ ಬಂದಿತೆಂದು ಹೇಳಿದರೂ ಸಲ್ಲುತ್ತದೆ.

ಮೇವಿನ ವಿಷಯವಾಗಿಯೂ ಒಂದು ಮಾತು. ತಟ್ಟೆಗಳಲ್ಲಿ ಮುಸುಕಿನ ಜೋಳವನ್ನು ಮೊಳೆಯಿಸಿ ಒಂದು ವಾರದಲ್ಲಿ ಕಿಲೋಗೆ ಐದಾರು ಕಿಲೋ ಹಸಿರು ಮೇವು ಪಡೆಯುವುದನ್ನು ಹಲವರು ಪ್ರಶಂಸಿಸುತ್ತಾರೆ. ಹೆಚ್ಚಿದ ತೂಕ ನೀರಿನದು. ಒಣಗಿಸಿ ತೂಗಿದರೆ ಹಾಕಿದ ಕಾಳಿಗಿಂತ ತುಸು ಕಡಿಮೆಯೇ. ಬರಗಾಲದಲ್ಲಿ ಹಸುವಿಗೆ ಹಸಿರು ಕಾಣಿಸುವುದಕ್ಕೆ ಒಳ್ಳೆಯದು, ಹಾಲಿನ ಲೆಕ್ಕಕ್ಕೆ ಅಷ್ಟಕ್ಕಷ್ಟೆ.

ಮಂಗಳಗಿರಿಯಲ್ಲಿ ಕೊರತೆ ನೀರಿನದಲ್ಲ, ಹೊಲದ್ದು. 2015ರಲ್ಲಿ ಅಮರಾವತಿ ರಾಜಧಾನಿಗೆಂದು 33 ಸಾವಿರ ಎಕರೆಗೂ ಮೀರಿದ ಭೂಮಿಯನ್ನು ರೈತರಿಂದ ಒಟ್ಟುಗೂಡಿಸಿದಾಗ ಈ ಮಂಡಲದ ಕುರಗಲ್ಲು, ನಿಡಮರ್ರು, ನೌಲೂರು, ಎರ್ರಬಾಲೆಂ ಗ್ರಾಮಗಳ ಹೊಲಗಳೂ ಅದರಲ್ಲಿ ಸೇರಿದುವು. ಬದಲಿಗೆ ನಿವೇಶನಗಳ ಜೊತೆಗೆ ಹತ್ತು ವರ್ಷ ವಾರ್ಷಿಕ ಪರಿಹಾರ: ಮೊದಲ ವರ್ಷ ಒಣ ಭೂಮಿಗೆ ಎಕರೆಗೆ 30,000, ನದಿಯ ಬದಿಯ ಜರೀಬು ಭೂಮಿಗೆ 50,000 ರೂಪಾಯಿ. ಭೂಮಿಯಿಲ್ಲದ ಕುಟುಂಬಗಳಿಗೆ ಗೊತ್ತಾದದ್ದು ತಿಂಗಳಿಗೆ 2,500. ಕರ್ನಾಟಕದಲ್ಲಿ 1974ರ ಕಾನೂನು ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಇಲ್ಲಿ ಕೌಲಿಗೆ ಮಾಡುವ ರೈತರು ಇಂದಿಗೂ ಬಹಳ. ಹೊಲ ಹೋದಾಗ ನಿವೇಶನ ಬಂದದ್ದು ಒಡೆಯನಿಗೆ. ಕೌಲುದಾರನಿಗೆ ಹೋದದ್ದು ಉದ್ಯೋಗ. ಉಳಿದ ತುಂಡು ಜಾಗದಲ್ಲಿ ಹತ್ತು ಪಟ್ಟು ಬೆಳೆಯಬಹುದಲ್ಲ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಆದರೆ ಹೊಲವನ್ನು ಓಡಿಸಿದ ನೆಲದ ಬೆಲೆ ಪಾಲಿಹೌಸನ್ನೂ ಓಡಿಸುತ್ತದೆ. ಕೋಟಿಯ ನೆಲದ ಬಡ್ಡಿಯನ್ನು ಲೆಟ್ಯೂಸ್ ಸೊಪ್ಪು ತೀರಿಸಲಾರದು. ಅದೂ ಗೋಂಗೂರ ತಿನ್ನುವ ಊರಿನಲ್ಲಿ! (ನಮ್ಮ ಉತ್ತರ ಕರ್ನಾಟಕದವರ ಪುಂಡಿಪಲ್ಯವೇ ಈ ಗೋಂಗೂರ, ಬಯಲಿನಲ್ಲಿ ಅದು ಬಹು ಅಗ್ಗವಾಗಿ ಬೆಳೆಯುತ್ತದೆ.) ಈ ಬೇಸಾಯದ ನಿಜವಾದ ಅನುಕೂಲ ಬೇರೆಯವರಿಗೆ ಬೇಡವಾದ ನೆಲದಲ್ಲಿ ಅದು ನಡೆಯಬಲ್ಲುದು ಎಂಬುದು. ಬೆಟ್ಟದ ತಪ್ಪಲಿನ ಕಲ್ಲುನೆಲ, ಚೌಳುನೆಲ, ಮಾಳಿಗೆ, ಇವು ಅದರ ಕ್ಷೇತ್ರ. ಸಾಲದ ಅರ್ಜಿಯಲ್ಲಿ ಒಳ್ಳೆಯ ಕಪ್ಪು ಮಣ್ಣಿನ ಸರ್ವೆ ನಂಬರನ್ನು ಕಂಡಾಗ ನನಗೆ ಮನಸ್ಸು ಒಗ್ಗುವುದಿಲ್ಲ.

ವ್ಯಾಪಾರವಾಗಿ ನಿಂತಿರುವ ಮಣ್ಣಿಲ್ಲದ ಬೇಸಾಯ ಈ ಸೀಮೆಯಲ್ಲಿಯೂ ಇದೆ. ಆದರೆ ಅದನ್ನು ನಡೆಸುವವರು ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಹೇಳಿಕೊಳ್ಳುವುದಿಲ್ಲ. ಮಾಲೂರು, ಕೋಲಾರದ ಕಡೆಯ ಟೊಮೇಟೊ ನರ್ಸರಿಗಳಲ್ಲಿಯೂ, ಗುಂಟೂರು ಸೀಮೆಯ ಮೆಣಸಿನಕಾಯಿ ನರ್ಸರಿಗಳಲ್ಲಿಯೂ ನೆರಳುಬಲೆಯ ಕೆಳಗೆ 98 ಗುಳಿಗಳ ಪ್ಲಾಸ್ಟಿಕ್ ಟ್ರೇಗಳನ್ನು ಹರಡಿರುತ್ತಾರೆ. ಗುಳಿಗಳಲ್ಲಿ ಮಣ್ಣಿಲ್ಲ, ತೆಂಗಿನ ನಾರಿನ ಪುಡಿ. ಗುಳಿಗೊಂದು ಬೀಜ, ಅಳೆದು ಕೊಟ್ಟ ನೀರು ಮತ್ತು ಗೊಬ್ಬರದ ರಸ. ಸಂಕರ ತಳಿಯ ಬೀಜ ದುಬಾರಿಯಾದುದರಿಂದ ಪ್ರತಿಯೊಂದು ಕಾಳಿಗೂ ಲೆಕ್ಕ. ಮಣ್ಣಿನ ರೋಗ ಎಳೆಯ ಬೇರಿಗೆ ತಗಲುವುದಿಲ್ಲ. ಕೀಳುವಾಗ ಬೇರು ಹರಿಯುವುದಿಲ್ಲ. ನರ್ಸರಿಯವನ ಹಣ ಒಂದು ತಿಂಗಳು, ಹೆಚ್ಚೆಂದರೆ ನಲವತ್ತು ದಿನದಲ್ಲಿ ಕೈಗೆ ಬರುತ್ತದೆ, ಒಂದೆರಡು ಗುಂಟೆಯ ನೆರಳು ಅವನಿಗೆ ಸಾಕು. ಹಾಗೆ ಮೊಳೆತ ಮೆಣಸಿನ ಸಸಿಗಳು ಟ್ರೇಗಳ ಸಮೇತ ವ್ಯಾನು ಹತ್ತಿ ಮಳೆಗಾಲದ ಮೊದಲ ಹದಕ್ಕೆ ಹಳ್ಳಿಗಳನ್ನು ಸೇರುತ್ತವೆ. ಅಲ್ಲಿ ಕೌಲುದಾರನ ಮನೆಯವರೂ ಕೂಲಿಯ ಹೆಂಗಸರೂ ಅವನ್ನು ಒಂದೊಂದಾಗಿ ಬಿಡಿಸಿ ಕಪ್ಪು ಮಣ್ಣಿನಲ್ಲಿ ನೆಡುತ್ತಾರೆ.